ಆದುವಾ: ಸೋಲಿನ ಊರು, ತೊಟ್ಟಿಲಿನ ಹೆಸರು

ಇಟಲಿಯ ಹೆಣ್ಣುಮಕ್ಕಳ ಹೆಸರುಗಳು ನಮ್ಮ ಕಿವಿಗೂ ಈಗ ಅಷ್ಟು ಹೊಸವಲ್ಲ. ಮರಿಯಾ, ಅನ್ನಾ, ಲೂಚಿಯಾ, ತೆರೇಸಾ ಇವೆಲ್ಲ ಸಂತರ ಹೆಸರುಗಳು. ಆದರೆ ಆ ದೇಶದ ಹಳೆಯ ಜನನ ದಾಖಲೆಗಳನ್ನು ತಿರುವಿದರೆ ನಡುನಡುವೆ ಒಂದು ವಿಚಿತ್ರ ಹೆಸರು ಎದುರಾಗುತ್ತದೆ: ಆದುವಾ. ಕೇಳಲು ಇಂಪಾಗಿದೆ. 'ಆ'ಕಾರದಲ್ಲಿ ಮುಗಿಯುವುದರಿಂದ ಇಟಾಲಿಯನ್ ಭಾಷೆಯ ರೂಢಿಯಂತೆ ಹೆಣ್ಣಿನ ಹೆಸರಾಗಲು ತಕ್ಕದ್ದೂ ಹೌದು. ಆದರೆ ಈ ಹೆಸರಿನ ಸಂತಳು ಯಾರೂ ಇಲ್ಲ. ಪುರಾಣದಲ್ಲಿ ಈ ಹೆಸರಿನ ದೇವತೆಯೂ ಇಲ್ಲ.

ಇಟಲಿಯಲ್ಲಿ ಹುಟ್ಟುಹಬ್ಬದ ಜೊತೆಗೆ 'ಹೆಸರಿನ ಹಬ್ಬ'ವನ್ನೂ ಆಚರಿಸುವ ಪದ್ಧತಿಯಿದೆ. ಯಾವ ಸಂತನ ಹೆಸರನ್ನು ಮಗುವಿಗೆ ಇಟ್ಟಿದ್ದಾರೋ ಆ ಸಂತನ ದಿನವೇ ಮಗುವಿನ ಹೆಸರಿನ ಹಬ್ಬ. ಸಂತರೇ ಇಲ್ಲದ ಹೆಸರಿನವರು ಏನು ಮಾಡಬೇಕು? ಅವರು ನವೆಂಬರ್ 1ರಂದು, ಸರ್ವ ಸಂತರ ದಿನದಂದು, ಹಬ್ಬ ಮಾಡಿಕೊಳ್ಳುತ್ತಾರೆ. ಆದುವಾ ಎಂಬ ಹೆಸರಿನ ಹೆಣ್ಣುಮಕ್ಕಳೂ ಹಾಗೆಯೇ.

ಹಾಗಾದರೆ ಈ ಹೆಸರು ಬಂದದ್ದು ಎಲ್ಲಿಂದ? ಅದು ಒಂದು ಊರಿನ ಹೆಸರು. ಆ ಊರು ಇಟಲಿಯಲ್ಲಿಲ್ಲ, ಯುರೋಪಿನಲ್ಲೇ ಇಲ್ಲ. ಆಫ್ರಿಕಾ ಖಂಡದ ಇಥಿಯೋಪಿಯಾ ದೇಶದ ಉತ್ತರ ಭಾಗದಲ್ಲಿ, ಬೆಟ್ಟಗಳ ನಡುವೆ ಇರುವ ಅದ್ವಾ ಎಂಬ ಪಟ್ಟಣ ಅದು. 1896ರ ಮಾರ್ಚ್ 1ರಂದು ಇಟಲಿಯ ಸೈನ್ಯ ಆ ಊರಿನ ಬಳಿ ಎಂದೂ ಮರೆಯಲಾಗದ ಸೋಲನ್ನು ಉಂಡಿತು. ತಮ್ಮ ದೇಶ ಸೋತ ಊರಿನ ಹೆಸರನ್ನು ತೊಟ್ಟಿಲಿನ ಮಗುವಿಗೆ ಇಡುವವರು ಉಂಟೇ? ಇಟ್ಟರು. ಏಕೆ ಇಟ್ಟರು ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ಊರಿಗೆ ಹೋಗಿ ಬರಬೇಕು.

ಸಾಗರದಿಂದ ನೇರ ಪಶ್ಚಿಮಕ್ಕೆ

ಭೂಪಟ ಬಿಡಿಸಿ ಶಿವಮೊಗ್ಗ ಜಿಲ್ಲೆಯ ಸಾಗರದ ಮೇಲೆ ಬೆರಳಿಡಿ. ಅಲ್ಲಿಂದ ಬೆರಳನ್ನು ನೇರವಾಗಿ ಪಶ್ಚಿಮಕ್ಕೆ ಸರಿಸಿ. ಅರಬ್ಬೀ ಸಮುದ್ರ, ಯೆಮನ್ ದೇಶ, ಕೆಂಪು ಸಮುದ್ರ ಇವನ್ನು ದಾಟಿ ಆಫ್ರಿಕಾದ ನೆಲ ಹತ್ತಿ ಸ್ವಲ್ಪ ಮುಂದೆ ಹೋದರೆ ಸಿಗುವುದೇ ಅದ್ವಾ. ಎರಡೂ ಊರುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ, ಸುಮಾರು 14 ಡಿಗ್ರಿ ಉತ್ತರ. ಎತ್ತರದಲ್ಲಿ ಮಾತ್ರ ಅಜಗಜಾಂತರ. ಅದ್ವಾ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ತುದಿಯ ಮಟ್ಟದಲ್ಲಿ ಒಂದು ಪೇಟೆ, ಶಾಲೆ, ಚರ್ಚು, ಸಂತೆ ಎಲ್ಲವೂ ಇದ್ದರೆ ಹೇಗೋ ಹಾಗೆ. ಆದ್ದರಿಂದಲೇ ಉಷ್ಣವಲಯದಲ್ಲಿದ್ದರೂ ಅಲ್ಲಿ ಸುಡುಬಿಸಿಲಿನ ಕಾಟ ಕಡಿಮೆ. ಮಳೆಗಾಲ ನಮ್ಮಂತೆಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ಊರಿಗೆ ಬರುವವರ ಕಣ್ಣನ್ನು ಮೊದಲು ಸೆಳೆಯುವುದು ಸುತ್ತಲಿನ ಬೆಟ್ಟಗಳು. ಸಾಲುಸಾಲಾಗಿ ಹರಡಿಕೊಂಡ ಬೆಟ್ಟಗಳಲ್ಲ. ಒಂದೊಂದೂ ಬಿಡಿಬಿಡಿಯಾಗಿ, ಕೆಲವು ಗೋಪುರದಂತೆ, ಕೆಲವು ಹಲ್ಲಿನಂತೆ ಬಯಲಿನಿಂದ ಥಟ್ಟನೆ ಮೇಲೆದ್ದು ನಿಂತಿವೆ. ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿದ್ದ ಜ್ವಾಲಾಮುಖಿಗಳ ಕೊಳವೆಗಳಲ್ಲಿ ಏರಿ ಬಂದ ಶಿಲಾರಸ ಹೊರಗೆ ಚೆಲ್ಲದೆ ಒಳಗೇ ತಣಿದು ಗಟ್ಟಿಯಾಯಿತು. ಸುತ್ತಲಿನ ಮೆದು ಕಲ್ಲುಮಣ್ಣನ್ನು ಮಳೆ ಗಾಳಿಗಳು ಸವೆಸಿ ಒಯ್ದವು. ಗಟ್ಟಿಯಾದ ಒಳತಿರುಳು ಮಾತ್ರ, ಬಾಟಲಿ ಒಡೆದುಹೋಗಿ ಬಿರಡೆ ಉಳಿದಂತೆ, ಉಳಿದುಕೊಂಡಿತು. ಈ ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಗಳೇ ಒಂದು ದಿನ ಸಾವಿರಾರು ಸೈನಿಕರ ಪಾಲಿಗೆ ಬೋನಿನಂತಾದವು.

ಅದ್ವಾದಿಂದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರ್ ಮೀರಿದಷ್ಟು ದೂರದಲ್ಲಿ ಪ್ರಾಚೀನ ರಾಜಧಾನಿ ಆಕ್ಸುಮ್ ಇದೆ. ಏಕಶಿಲೆಯ ಎತ್ತರದ ಕಂಬಗಳಿಗೆ ಅದು ಹೆಸರಾದದ್ದು. ಅದ್ವಾದ ಸಮೀಪದ ಬೆಟ್ಟದಲ್ಲಿ ಅಬ್ಬಾ ಗರಿಮಾ ಎಂಬ ಹಳೆಯ ಮಠವಿದೆ. ಅಲ್ಲಿನ ಚರ್ಮದ ಹಾಳೆಗಳ ಸುವಾರ್ತೆ ಗ್ರಂಥಗಳನ್ನು ಇಂಗಾಲದ ಕಾಲನಿರ್ಣಯ ಪರೀಕ್ಷೆಗೆ ಒಳಪಡಿಸಿದಾಗ ಅವು ಕ್ರಿ.ಶ. 4ರಿಂದ 7ನೇ ಶತಮಾನದ ನಡುವಿನವು ಎಂದು ತಿಳಿದುಬಂತು. ಚಿತ್ರಗಳಿರುವ ಕ್ರೈಸ್ತ ಗ್ರಂಥಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯವುಗಳ ಸಾಲಿನಲ್ಲಿ ಅವು ನಿಲ್ಲುತ್ತವೆ. 'ಅನಾಗರಿಕ'ರ ನಾಡು ಎಂದುಕೊಂಡು ಯುರೋಪಿನ ಸೇನಾನಿಗಳು ಗೆಲ್ಲಲು ಹೊರಟಿದ್ದದ್ದು ಇಂಥ ನಾಡನ್ನು.

ಇಲ್ಲಿಯ ಊಟವೂ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ತೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಹುದುಗು ಬರಿಸಿ ದೊಡ್ಡ ಹೆಂಚಿನ ಮೇಲೆ ಹುಯ್ದು ಮಾಡುವ ಇಂಜೆರಾ, ನಮ್ಮ ದೋಸೆಯ ದೊಡ್ಡಕ್ಕನಂತೆ ಕಾಣುತ್ತದೆ. ನಮ್ಮ ರಾಗಿಯ ಮೂಲ ನೆಲೆಯೂ ಪೂರ್ವ ಆಫ್ರಿಕಾದ ಎತ್ತರದ ನಾಡೇ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಇನ್ನು ಹುಚ್ಚೆಳ್ಳು! ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಎಂದು ಕರೆದು ಚಟ್ನಿಪುಡಿ ಮಾಡಿಕೊಂಡು ರೊಟ್ಟಿಗೆ ಹಚ್ಚಿಕೊಳ್ಳುವ ಈ ಕಾಳಿನ ಸಸ್ಯಶಾಸ್ತ್ರೀಯ ಹೆಸರು 'ಗಿಜೋಶಿಯಾ ಅಬಿಸಿನಿಕಾ'. ಅಬಿಸೀನಿಯಾ ಎಂಬುದು ಇಥಿಯೋಪಿಯಾದ ಹಳೆಯ ಹೆಸರು. ಊರಿನ ಹೆಸರು ಹೊತ್ತು ದೂರದ ನಾಡಿನಲ್ಲಿ ಬದುಕುವುದು ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಿಡಗಳಿಗೂ ಒದಗುವ ಭಾಗ್ಯ.

ಒಂದು ಕ್ರಿಯಾಪದದ ಜಗಳ

ಇಟಲಿ ಒಂದು ದೇಶವಾಗಿ ರೂಪುಗೊಂಡದ್ದೇ 1861ರಲ್ಲಿ. ಅಷ್ಟರಲ್ಲಿ ಬ್ರಿಟನ್, ಫ್ರಾನ್ಸ್‌ಗಳು ದೂರದೂರದ ನಾಡುಗಳನ್ನು ಕಬಳಿಸಿಯಾಗಿತ್ತು. ತಡವಾಗಿ ಪಂಕ್ತಿಗೆ ಬಂದವನಂತೆ ಇಟಲಿಯೂ ಎಲೆ ಹುಡುಕತೊಡಗಿತು. 1885ರಲ್ಲಿ ಕೆಂಪು ಸಮುದ್ರದ ದಡದ ಮಸಾವಾ ಬಂದರನ್ನು ಹಿಡಿಯಿತು. 1887ರಲ್ಲಿ ದೊಗಾಲಿ ಎಂಬಲ್ಲಿ ಸುಮಾರು 500 ಮಂದಿ ಇಟಲಿಯ ಸೈನಿಕರು ಇಥಿಯೋಪಿಯನ್ನರ ಕೈಯಲ್ಲಿ ಹತರಾದರು. ರೋಮ್ ನಗರದ ಮುಖ್ಯ ರೈಲು ನಿಲ್ದಾಣದ ಎದುರಿನ ಚೌಕಕ್ಕೆ 'ಐನೂರು ಜನರ ಚೌಕ' ಎಂಬ ಹೆಸರು ಬಂದದ್ದು ಅವರಿಂದಲೇ.

ಅದೇ ಹೊತ್ತಿಗೆ ಇಥಿಯೋಪಿಯಾಕ್ಕೆ ಬೇರೊಂದು ಆಪತ್ತು ಬಂತು. ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಮಸಾವಾ ಬಂದರಿನ ಮೂಲಕ ಒಳನುಗ್ಗಿತು. ಇಟಲಿಯ ಸೈನ್ಯಕ್ಕಾಗಿ ಹೊರಗಿನಿಂದ, ಪ್ರಾಯಶಃ ಭಾರತದಿಂದಲೇ, ತರಿಸಿದ ದನಗಳ ಜೊತೆ ಈ ರೋಗ ಬಂತೆಂಬ ಅಭಿಪ್ರಾಯವಿದೆ. ಉಳುವ ಎತ್ತುಗಳೇ ಸತ್ತ ಮೇಲೆ ಹೊಲ ಪಾಳುಬಿತ್ತು. 1888ರಿಂದ 1892ರವರೆಗೆ ಘೋರ ಬರಗಾಲ ಕಾಡಿತು. ನಮ್ಮ ಹಳ್ಳಿಗಳಲ್ಲೂ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಈ ರೋಗ ಭೂಮಿಯಿಂದ ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಲು 2011ನೇ ಇಸವಿಯೇ ಬರಬೇಕಾಯಿತು.

ಇಂಥ ಕಷ್ಟಕಾಲದಲ್ಲಿ, 1889ರ ಮೇ 2ರಂದು, ಚಕ್ರವರ್ತಿ ಎರಡನೆಯ ಮೆನೆಲಿಕ್ ವುಚಾಲೆ ಎಂಬ ಊರಿನಲ್ಲಿ ಇಟಲಿಯೊಡನೆ ಒಪ್ಪಂದ ಮಾಡಿಕೊಂಡ. ಒಪ್ಪಂದ ಎರಡು ಭಾಷೆಗಳಲ್ಲಿತ್ತು. ಅದರ 17ನೆಯ ಕಲಮಿನಲ್ಲಿತ್ತು ತೊಡಕು. ಇಥಿಯೋಪಿಯಾದ ದೊರೆ ಬೇರೆ ದೇಶಗಳೊಡನೆ ವ್ಯವಹರಿಸುವಾಗ ಇಟಲಿಯ ನೆರವನ್ನು ಪಡೆಯಬಹುದು ಎಂದಿತು ಅಮ್ಹಾರಿಕ್ ಪಾಠ. ಇಟಲಿಯ ಮೂಲಕವೇ ವ್ಯವಹರಿಸಬೇಕು ಎಂಬ ಅರ್ಥ ಬರುವಂತಿತ್ತು ಇಟಾಲಿಯನ್ ಪಾಠ. 'ಬಹುದು' ಮತ್ತು 'ಬೇಕು' ಇವುಗಳ ನಡುವೆ ಒಂದು ದೇಶದ ಸ್ವಾತಂತ್ರ್ಯವೇ ಸಿಕ್ಕಿಕೊಂಡಿತು. ವ್ಯಾಕರಣದ ತರಗತಿಯಲ್ಲಿ ಆಕಳಿಸುವ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮೋಸ ತಿಳಿದ ಮೆನೆಲಿಕ್ 1893ರಲ್ಲಿ ಒಪ್ಪಂದವನ್ನೇ ತಿರಸ್ಕರಿಸಿದ. ಈ ವಿಚಾರದಲ್ಲಿ ಅವನಿಗಿಂತ ಗಟ್ಟಿಯಾಗಿ ನಿಂತವಳು ಅವನ ರಾಣಿ ತೈತು ಬೆತುಲ್. ಇಟಲಿಯ ರಾಯಭಾರಿಯ ಎದುರಿಗೇ ಆಕೆ ಆ ಕಲಮನ್ನು ವಿರೋಧಿಸಿದಳು. ಯುದ್ಧ ಬಂದಾಗ ಸ್ವತಃ ದಂಡಿನೊಂದಿಗೆ ಹೊರಟಳು. ಮೆಕೆಲೆ ಎಂಬಲ್ಲಿ ಇಟಲಿಯವರ ಕೋಟೆಯನ್ನು ಗುಂಡಿನಿಂದ ಒಡೆಯಲಾಗದಿದ್ದಾಗ, ಕೋಟೆಗೆ ನೀರು ಒದಗುವ ಚಿಲುಮೆಯನ್ನು ಹಿಡಿಯಿರಿ ಎಂಬ ಉಪಾಯ ಹೇಳಿದವಳು ಆಕೆಯೇ. ಬಾಯಾರಿದ ಕೋಟೆ 1896ರ ಜನವರಿಯಲ್ಲಿ ಶರಣಾಯಿತು.

ತಪ್ಪು ನಕ್ಷೆ

1896ರ ಫೆಬ್ರುವರಿ ಕೊನೆಯ ಹೊತ್ತಿಗೆ ಎರಡೂ ಸೈನ್ಯಗಳು ಅದ್ವಾದ ಆಸುಪಾಸಿನಲ್ಲಿ ಎದುರುಬದುರಾಗಿದ್ದವು. ಇಟಲಿಯ ಕಡೆ ಸುಮಾರು 17,700 ಸೈನಿಕರು, 56 ಫಿರಂಗಿಗಳು. ಅವರಲ್ಲಿ ಹಲವು ಸಾವಿರ ಮಂದಿ ಎರಿಟ್ರಿಯಾದ ಆಫ್ರಿಕನ್ ಸಿಪಾಯಿಗಳೇ. ಮೆನೆಲಿಕ್‌ನ ಕಡೆ ಸುಮಾರು ಒಂದು ಲಕ್ಷ ಜನ. ಅವರಲ್ಲಿ ಬಹುಮಂದಿಯ ಕೈಯಲ್ಲಿ ಬಂದೂಕುಗಳಿದ್ದವು. ಆ ಬಂದೂಕುಗಳಲ್ಲಿ ಕೆಲವನ್ನು ಸ್ನೇಹದ ದಿನಗಳಲ್ಲಿ ಇಟಲಿಯೇ ಕೊಟ್ಟಿತ್ತು!

ಇಟಲಿಯ ದಂಡನಾಯಕ ಬಾರಾತಿಯೇರಿಗೆ ದವಸ ಮುಗಿಯುತ್ತ ಬಂದಿತ್ತು. ಹಿಂದೆ ಸರಿಯೋಣ ಎಂಬುದು ಅವನ ಮನಸ್ಸಿನಲ್ಲಿತ್ತು. ಆದರೆ ರೋಮ್‌ನಿಂದ ಪ್ರಧಾನಿ ಕ್ರಿಸ್ಪಿ, ನೀನು ನಡೆಸುತ್ತಿರುವುದು ಯುದ್ಧವಲ್ಲ, ಕ್ಷಯರೋಗ ಎಂದು ಹಂಗಿಸಿ ತಂತಿ ಕಳಿಸಿದ್ದ. ಕೈಕೆಳಗಿನ ಸೇನಾನಿಗಳೂ ಮುನ್ನುಗ್ಗೋಣ ಎಂದರು. ಹಂಗಿಸಿದ ಮಾತಿಗೆ ಹೆದರಿ ತೆಗೆದುಕೊಂಡ ನಿರ್ಧಾರ ಎಂದಿಗಾದರೂ ಒಳ್ಳೆಯದಾದೀತೇ?

1896 ಅಧಿಕ ವರ್ಷ. ಫೆಬ್ರುವರಿ 29ರ ರಾತ್ರಿ ಸೈನ್ಯ ಮೂರು ದಾರಿಗಳಲ್ಲಿ ಹೊರಟಿತು. ಬೆಳಗಾಗುವಷ್ಟರಲ್ಲಿ ಮೂರು ಗುಡ್ಡಗಳನ್ನು ಹಿಡಿದು, ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುವುದು ಯೋಜನೆ. ಸೇನಾನಿಗಳ ಕೈಯಲ್ಲಿದ್ದದ್ದು ಅವಸರದಲ್ಲಿ ಬರೆದ ಒಂದು ಒರಟು ನಕ್ಷೆ. ಎಡಪಕ್ಕದ ತುಕಡಿಯ ನಾಯಕ ಆಲ್ಬೆರ್ತೋನೆ 'ಕಿದಾನೆ ಮೆಹ್ರೆತ್' ಎಂಬ ಗುಡ್ಡಕ್ಕೆ ಹೋಗಬೇಕಿತ್ತು. ನಕ್ಷೆಯಲ್ಲಿ ಆ ಹೆಸರು ಬರೆದಿದ್ದ ಜಾಗಕ್ಕೆ ಅವನು ಸರಿಯಾಗಿಯೇ ತಲುಪಿದ. ಆದರೆ ಜೊತೆಗಿದ್ದ ಸ್ಥಳೀಯ ದಾರಿಗರು, ಕಿದಾನೆ ಮೆಹ್ರೆತ್ ಇದಲ್ಲ, ಇನ್ನೂ ಮುಂದಿದೆ ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ಕಿದಾನೆ ಮೆಹ್ರೆತ್ ಎಂದರೆ 'ಕರುಣೆಯ ಒಡಂಬಡಿಕೆ'. ಮೇರಿ ಮಾತೆಗೆ ಸಂಬಂಧಿಸಿದ ಈ ಹೆಸರಿನ ಚರ್ಚುಗಳು ಆ ದೇಶದಲ್ಲಿ ಹತ್ತಾರು ಕಡೆ ಇವೆ, ನಮ್ಮಲ್ಲಿ ಊರೂರಿಗೂ ಒಂದು ಆಂಜನೇಯನ ಗುಡ್ಡ ಇರುವಂತೆ. ಆಲ್ಬೆರ್ತೋನೆ ಹಲವು ಕಿಲೋಮೀಟರ್ ಮುಂದೆ ನಡೆದುಬಿಟ್ಟ. ಬೆಳಕು ಹರಿದಾಗ ಅವನ ತುಕಡಿ ಒಂಟಿಯಾಗಿ ಮೆನೆಲಿಕ್‌ನ ದಂಡಿನ ಬಾಯಿಗೇ ಬಿದ್ದಿತ್ತು.

ಮುಂದಿನದು ಲೆಕ್ಕದಷ್ಟೇ ನೇರ. ಒಂದೊಂದು ತುಕಡಿಯೂ ಬೇರೆಬೇರೆ ಕಣಿವೆಯಲ್ಲಿ ಸಿಕ್ಕಿ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದೆ ಸುತ್ತುವರಿಯಲ್ಪಟ್ಟಿತು. ಆಲ್ಬೆರ್ತೋನೆ ಸೆರೆಯಾದ. ಅರಿಮೊಂದಿ, ದಾಬೊರ್ಮಿದಾ ಎಂಬ ಇನ್ನಿಬ್ಬರು ಸೇನಾನಿಗಳು ಸತ್ತರು. ಮಧ್ಯಾಹ್ನದ ಹೊತ್ತಿಗೆ ಯುದ್ಧದ ಫಲ ನಿಶ್ಚಯವಾಗಿತ್ತು. ಇಟಲಿಯ ಕಡೆ ಸುಮಾರು 6,000 ಮಂದಿ ಮಡಿದರು, ಸುಮಾರು 3,000 ಮಂದಿ ಸೆರೆಯಾದರು. ಗೆದ್ದವರ ಕಡೆಯೂ ಸಾವಿರಾರು ಹೆಣ ಬಿದ್ದವು. ಸೆರೆ ಸಿಕ್ಕ ಎರಿಟ್ರಿಯಾದ ಸಿಪಾಯಿಗಳಲ್ಲಿ ನೂರಾರು ಮಂದಿಯ ಬಲಗೈ, ಎಡಗಾಲುಗಳನ್ನು ದ್ರೋಹಿಗಳೆಂದು ಕತ್ತರಿಸಲಾಯಿತು. ಗೆಲುವಿನ ಕಥೆ ಹೇಳುವಾಗ ಇದನ್ನು ಮರೆಮಾಚಬಾರದು. ಪರರ ಸಾಮ್ರಾಜ್ಯಕ್ಕಾಗಿ ಕಾದಿದವರು ಎರಡೂ ಕಡೆಯಿಂದ ಬೆಲೆ ತೆತ್ತರು.

ಅದೇ ವರ್ಷ ಅಕ್ಟೋಬರ್ 26ರಂದು ಅಡಿಸ್ ಅಬಾಬಾದಲ್ಲಿ ಹೊಸ ಒಪ್ಪಂದವಾಯಿತು. ಇಥಿಯೋಪಿಯಾ ಸಂಪೂರ್ಣ ಸ್ವತಂತ್ರ ದೇಶ ಎಂದು ಇಟಲಿ ಒಪ್ಪಿಕೊಂಡಿತು. ಈ ಬಾರಿ ಕ್ರಿಯಾಪದಗಳಲ್ಲಿ ಗೊಂದಲವಿರಲಿಲ್ಲ.

ತೊಟ್ಟಿಲಿಗೆ ಬಂದ ಊರು

ಸೋಲಿನ ಸುದ್ದಿ ತಂತಿಯಲ್ಲಿ ಇಟಲಿಗೆ ತಲುಪಿದಾಗ ದೇಶವೆಲ್ಲ ತಲ್ಲಣಿಸಿತು. ಮಿಲಾನ್ ಮೊದಲಾದ ನಗರಗಳಲ್ಲಿ ಜನ ಬೀದಿಗಿಳಿದರು. ಇನ್ನಷ್ಟು ಮಕ್ಕಳನ್ನು ಆಫ್ರಿಕಾಕ್ಕೆ ಸಾಗಿಸಬೇಡಿ ಎಂದು ಪಾವಿಯಾ ಊರಿನಲ್ಲಿ ಜನ ರೈಲು ಹಳಿಗಳನ್ನೇ ಕಿತ್ತರು. ಕೆಲವೇ ದಿನಗಳಲ್ಲಿ ಕ್ರಿಸ್ಪಿ ರಾಜೀನಾಮೆ ಕೊಟ್ಟ. ಬೀದಿಯ ಗುಂಪುಗಳಲ್ಲಿ 'ಮೆನೆಲಿಕ್‌ಗೆ ಜಯವಾಗಲಿ' ಎಂಬ ಕೂಗೂ ಕೇಳಿಬಂತು. ತಮ್ಮ ಸೈನ್ಯವನ್ನು ಸೋಲಿಸಿದ ದೊರೆಗೆ ಜಯಕಾರ! ಅದು ದೇಶದ್ರೋಹವಲ್ಲ. ಬಡವರ ಮಕ್ಕಳನ್ನು ಸಾಯಲು ಕಳಿಸಿದವರ ಮೇಲಿನ ಸಿಟ್ಟು.

ಆ ದಿನಗಳಿಂದಲೇ ಆದುವಾ ಎಂಬುದು ಹೆಣ್ಣುಮಕ್ಕಳ ಹೆಸರಾಗತೊಡಗಿತು. ಇಟಾಲಿಯನ್ ಲಿಪಿಯ ರೂಢಿಯಲ್ಲಿ 'ವ್' ಒತ್ತಿನ ಬದಲು 'ಉ' ಬಂದು ಅದ್ವಾ ಆದುವಾ ಆಯಿತು. ಅಲ್ಲಿಯ ತಿಗ್ರಿನ್ಯಾ ಭಾಷೆಯಲ್ಲಿ 'ಅದ್ದಿ' ಎಂದರೆ ಹಳ್ಳಿ. 'ಅವಾ ಜನರ ಹಳ್ಳಿ' ಎಂಬುದೇ ಅದ್ವಾ ಆಯಿತೆಂದು ವಿವರಿಸುವುದುಂಟು. ಇದೇನೂ ಎಲ್ಲರೂ ಇಟ್ಟ ಹೆಸರಲ್ಲ, ಅಪರೂಪದ್ದೇ. ಆದರೆ ಇಟ್ಟವರ ಮನಸ್ಸು ಒಂದೇ ಬಗೆಯದಾಗಿರಲಿಲ್ಲ.

ಒಂದು ಬಗೆಯವರು ದೇಶಾಭಿಮಾನಿಗಳು. ಸತ್ತ ಸೈನಿಕರ ನೆನಪು ಉಳಿಯಲಿ, ಈ ಅವಮಾನವನ್ನು ಮುಂದಿನ ಪೀಳಿಗೆ ಮರೆಯದಿರಲಿ ಎಂದು ಇಟ್ಟವರು. ಇನ್ನೊಂದು ಬಗೆಯವರು ಇವರಿಗೆ ಪೂರ್ತಿ ವಿರುದ್ಧ. ಇಟಲಿಯ ಎಮಿಲಿಯಾ-ರೊಮಾನ್ಯಾ, ತೊಸ್ಕಾನಾ ಪ್ರಾಂತಗಳಲ್ಲಿ ಆಗ ಸಮಾಜವಾದಿಗಳು, ಗಣರಾಜ್ಯವಾದಿಗಳು, ಅರಾಜಕತಾವಾದಿಗಳು ಬಹಳ ಮಂದಿ ಇದ್ದರು. ಚರ್ಚಿನ ಮೇಲಿನ ಮುನಿಸಿನಿಂದ ಅವರು ಮಕ್ಕಳಿಗೆ ಸಂತರ ಹೆಸರು ಇಡುತ್ತಿರಲಿಲ್ಲ. 'ಲಿಬೆರ್ತಾ' ಅಂದರೆ ಸ್ವಾತಂತ್ರ್ಯ, 'ರಿಬೆಲ್ಲೆ' ಅಂದರೆ ಬಂಡಾಯಗಾರ ಎಂಬಂಥ ಹೆಸರುಗಳನ್ನು ಹುಡುಕುತ್ತಿದ್ದರು. ಸಾಮ್ರಾಜ್ಯದಾಹಕ್ಕೆ ಬಿದ್ದ ಪೆಟ್ಟಿನ ಹೆಸರಾಗಿ ಅವರಲ್ಲಿ ಕೆಲವರಿಗೆ ಆದುವಾ ಪ್ರಿಯವಾಯಿತು. ಒಂದೇ ಹೆಸರು, ಒಂದು ಮನೆಯಲ್ಲಿ ಸೇಡಿನ ಕಿಡಿ, ಪಕ್ಕದ ಮನೆಯಲ್ಲಿ ಬಿಡುಗಡೆಯ ಹಾಡು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಎರಡೂ ಗೊತ್ತಿಲ್ಲ.

ಇಂಥ ಹೆಸರು ಇದೊಂದೇ ಅಲ್ಲ. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿ ಹೋದಾಗ ಲಿಬಿಯಾ, ದೆರ್ನಾ, ತ್ರಿಪೊಲಿನಾ ಎಂಬ ಹೆಣ್ಣುಮಕ್ಕಳು ಹುಟ್ಟಿಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಗೊರಿಜಿಯಾ ನಗರವನ್ನು ಗೆದ್ದಾಗ ಅದೂ ಹೆಣ್ಣಿನ ಹೆಸರಾಯಿತು. ಯುದ್ಧದ ಭೂಪಟವನ್ನೇ ಹರಿದು ತುಂಡುಗಳನ್ನು ತೊಟ್ಟಿಲುಗಳಿಗೆ ಹಂಚಿದಂತೆ!

ಎರಡನೆಯ ಸಲ

ಮುಸೊಲಿನಿಯ ಕಾಲಕ್ಕೆ ಆದುವಾ ಎಂಬ ಹೆಸರಿನ ಅರ್ಥ ಒಂದೇ ದಿಕ್ಕಿಗೆ ತಿರುಗಿತು. 1935ರ ಅಕ್ಟೋಬರ್ 3ರಂದು ಅವನ ಸೈನ್ಯ ಇಥಿಯೋಪಿಯಾದ ಗಡಿ ದಾಟಿತು. ಮೂರೇ ದಿನಗಳಲ್ಲಿ, ಅಕ್ಟೋಬರ್ 6ರಂದು, ಅದ್ವಾ ಅದರ ವಶವಾಯಿತು. ನಲವತ್ತು ವರ್ಷಗಳ ಸೇಡು ತೀರಿತೆಂದು ಇಟಲಿಯಲ್ಲಿ ಸಂಭ್ರಮ. ಆ ವರ್ಷ, ಮರುವರ್ಷ ಹುಟ್ಟಿದ ಹೆಣ್ಣುಮಕ್ಕಳಿಗೆ ಮತ್ತೆ ಈ ಹೆಸರು ಬಂತು. ಬೀದಿಗಳಿಗೆ, ಸಿನಿಮಾ ಮಂದಿರಗಳಿಗೆ, ಕೊನೆಗೆ ಒಂದು ವರ್ಗದ ಜಲಾಂತರ್ಗಾಮಿ ಹಡಗುಗಳಿಗೂ ಅದೇ ಹೆಸರು.

ಈ ಗೆಲುವಿನ ಹಿಂದೆ ನಾಚಿಕೆಪಡಬೇಕಾದ ರಸಾಯನಶಾಸ್ತ್ರವಿತ್ತು. ಯುದ್ಧದಲ್ಲಿ ವಿಷಾನಿಲ ಬಳಸುವುದಿಲ್ಲವೆಂಬ 1925ರ ಜಿನೀವಾ ಒಪ್ಪಂದಕ್ಕೆ ಇಟಲಿಯೂ ಸೇರಿತ್ತು. ಆದರೂ ಅದರ ವಿಮಾನಗಳು ಇಥಿಯೋಪಿಯಾದ ಸೈನಿಕರ ಮೇಲೆ, ಹಳ್ಳಿಗರ ಮೇಲೆ ಮಸ್ಟರ್ಡ್ ಅನಿಲವನ್ನು ಸುರಿದವು. ಹೆಸರಿಗೆ ಅನಿಲವಾದರೂ ಅದು ಎಣ್ಣೆಯಂಥ ದ್ರವ. ಚರ್ಮಕ್ಕೆ ತಾಗಿದ ಕೂಡಲೇ ನೋವು ತಿಳಿಯುವುದಿಲ್ಲ. ಗಂಟೆಗಳ ನಂತರ ಬೊಬ್ಬೆಗಳೆದ್ದು ಸುಡತೊಡಗುತ್ತದೆ, ಕಣ್ಣು, ಶ್ವಾಸನಾಳಗಳನ್ನು ಕೆಡಿಸುತ್ತದೆ. ಬರಿಗಾಲಿನಲ್ಲಿ ನಡೆಯುವ ಜನರ ಹುಲ್ಲುಹಾದಿಯ ಮೇಲೆ ಅದು ಬಿದ್ದರೆ ಏನಾದೀತೆಂದು ಊಹಿಸಬಹುದು. ಚಕ್ರವರ್ತಿ ಹೈಲೆ ಸೆಲಾಸಿ 1936ರ ಜೂನ್ 30ರಂದು ಜಿನೀವಾದ ರಾಷ್ಟ್ರಸಂಘದ ಮುಂದೆ ನಿಂತು ಈ ಅನ್ಯಾಯವನ್ನು ವಿವರಿಸಿದ. ಜಗತ್ತು ಕೇಳಿಸಿಕೊಂಡಿತು, ಏನನ್ನೂ ಮಾಡಲಿಲ್ಲ.

ಅಡಿಸ್ ಅಬಾಬಾದಲ್ಲಿ ಕುದುರೆ ಏರಿದ ಮೆನೆಲಿಕ್‌ನ ಪ್ರತಿಮೆಯನ್ನು ಇಟಲಿಯವರು ಕಿತ್ತು ಹೂತರು. 1937ರಲ್ಲಿ ಆಕ್ಸುಮ್‌ನ ಪುರಾತನ ಶಿಲಾಸ್ತಂಭವೊಂದನ್ನು ತುಂಡುಗಳಾಗಿ ರೋಮ್‌ಗೆ ಸಾಗಿಸಿ ನಿಲ್ಲಿಸಿದರು. ಆದರೆ ಈ ಆಳ್ವಿಕೆ ಐದು ವರ್ಷವೂ ನೆಟ್ಟಗೆ ನಿಲ್ಲಲಿಲ್ಲ. 1941ರಲ್ಲಿ ಎರಿಟ್ರಿಯಾದ ಕೆರೆನ್ ಎಂಬ ಕಡಿದಾದ ಬೆಟ್ಟಸಾಲಿನಲ್ಲಿ ಇಟಲಿಯ ಸೈನ್ಯವನ್ನು ಮುರಿದವರಲ್ಲಿ ಮುಂದಿನ ಸಾಲಿನವರು ಭಾರತದ 4 ಮತ್ತು 5ನೇ ಡಿವಿಜನ್ನಿನ ಸೈನಿಕರು. ತಾವೇ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತೀಯರು ಇನ್ನೊಂದು ದೇಶದ ಬಿಡುಗಡೆಗೆ ಹೀಗೆ ನೆರವಾದರು. ಮೆನೆಲಿಕ್‌ನ ಪ್ರತಿಮೆ ಮತ್ತೆ ತನ್ನ ಪೀಠವೇರಿತು.

ಹೆಸರಿಗೆ ಹೊಸ ಅರ್ಥ

ಮಹಾಯುದ್ಧದ ನಂತರ ಇಟಲಿಯಲ್ಲಿ ಹೊಸ ಆದುವಾಗಳು ವಿರಳವಾದರು. ಯಾರಿಗೂ ಆ ನೆನಪು ಬೇಡವಾಗಿತ್ತು. ಆದರೆ ಇದ್ದವರು ಬೆಳೆದರು, ಬಾಳಿದರು. ಗಿರಣಿಗಳಲ್ಲಿ ದುಡಿದರು, ಮಕ್ಕಳನ್ನು ಸಾಕಿದರು, ಅಜ್ಜಿಯರಾದರು. ಹೆಸರಿನಲ್ಲಿದ್ದ ಸೋಲು ಗೆಲುವುಗಳು ನಿಧಾನವಾಗಿ ಸವೆದು, ಆದುವಾ ಎಂದರೆ ಆ ಮನೆಯ ಅಜ್ಜಿ, ಈ ಬೀದಿಯ ಅತ್ತೆ ಎಂಬಷ್ಟೇ ಅರ್ಥ ಉಳಿಯಿತು. 1960ರಲ್ಲಿ ನಿರ್ದೇಶಕ ಅಂತೋನಿಯೊ ಪಿಯೆತ್ರಾಂಜೆಲಿ 'ಆದುವಾ ಮತ್ತು ಸಂಗಾತಿಗಳು' ಎಂಬ ಚಿತ್ರ ತೆಗೆದ. ಹಳೆಯ ಬದುಕನ್ನು ಬಿಟ್ಟು, ಗೌರವದಿಂದ ಹೋಟೆಲು ನಡೆಸಿ ಬಾಳಲು ಹೆಣಗುವ ನಾಲ್ವರು ಹೆಂಗಸರ ಕಥೆ ಅದು. ಅವರಲ್ಲಿ ಹಿರಿಯಳಾದ ಆದುವಾಳ ಪಾತ್ರದಲ್ಲಿ ಸಿಮೋನ್ ಸಿನ್ಯೋರೆ ನಟಿಸಿದ್ದಳು.

ಆ ಹೆಸರಿಗೆ ಮತ್ತೊಂದು ತಿರುವು ಬಂದದ್ದು 2015ರಲ್ಲಿ. ಸೊಮಾಲಿ ತಂದೆತಾಯಿಗಳಿಗೆ ರೋಮ್‌ನಲ್ಲಿ ಹುಟ್ಟಿದ ಲೇಖಕಿ ಇಜಿಯಾಬಾ ಶೇಗೊ 'ಆದುವಾ' ಎಂಬ ಕಾದಂಬರಿ ಬರೆದಳು. ಅದರ ನಾಯಕಿ ಇಟಲಿಯವಳಲ್ಲ, ಸೊಮಾಲಿಯಾದಿಂದ ರೋಮ್‌ಗೆ ಬಂದು ನೆಲೆಸಿದ ಹೆಂಗಸು. ಆಫ್ರಿಕಾ ಸಾಮ್ರಾಜ್ಯಶಾಹಿಯನ್ನು ಸೋಲಿಸಿದ ಊರು ಎಂಬ ಹೆಮ್ಮೆಯಿಂದ ಅವಳ ತಂದೆ ಇಟ್ಟ ಹೆಸರದು. ಇಟಲಿಯಲ್ಲಿ ಸೋಲಿನ ನೆನಪಾಗಿ ಹುಟ್ಟಿ, ಸೇಡಿನ ಗುರುತಾಗಿ ಬೆಳೆದ ಹೆಸರು, ಕೊನೆಗೆ ಯಾರಿಗೆ ಸೇರಬೇಕೋ ಅವರ ಬಳಿಗೆ ತಿರುಗಿ ಬಂತು.

ಹೆಸರಿನಂತೆ ಕಲ್ಲೂ ತಿರುಗಿ ಬಂತು. 24 ಮೀಟರ್ ಎತ್ತರದ ಆಕ್ಸುಮ್ ಸ್ತಂಭವನ್ನು ಇಟಲಿ 2005ರಲ್ಲಿ ಮೂರು ತುಂಡುಗಳಾಗಿ ಆಂತೊನೊವ್ ಎಂಬ ದೈತ್ಯ ವಿಮಾನದಲ್ಲಿ ಹಿಂದಿರುಗಿಸಿತು. 2008ರಲ್ಲಿ ಅದು ತನ್ನ ಹಳೆಯ ಜಾಗದಲ್ಲಿ ಮತ್ತೆ ಎದ್ದು ನಿಂತಿತು.

ಮಾರ್ಚ್ 1 ಅಥವಾ ಮಾರ್ಚ್ 2?

ಅದ್ವಾ ವಿಜಯದ ದಿನ ಇಥಿಯೋಪಿಯಾದಲ್ಲಿ ರಾಷ್ಟ್ರೀಯ ಹಬ್ಬ. ಆದರೆ ಅದು ಬರುವುದು ಮಾರ್ಚ್ 2ರಂದು. ಯುದ್ಧವಾದದ್ದು ಮಾರ್ಚ್ 1ಕ್ಕಲ್ಲವೇ? ಇಲ್ಲಿ ತಪ್ಪು ಯಾರದೂ ಅಲ್ಲ. ಇಥಿಯೋಪಿಯಾಕ್ಕೆ ತನ್ನದೇ ಪಂಚಾಂಗವಿದೆ: 30 ದಿನಗಳ 12 ತಿಂಗಳು, ಕೊನೆಗೆ ಐದಾರು ದಿನಗಳ 13ನೆಯ ತಿಂಗಳು. ಯುದ್ಧ ನಡೆದದ್ದು ಯೆಕಾತಿತ್ ತಿಂಗಳ 23ರಂದು. ಆ ಪಂಚಾಂಗದಲ್ಲಿ ತಪ್ಪದೆ ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನ ಬರುತ್ತದೆ. ನಾವು ಬಳಸುವ ಗ್ರೆಗೋರಿಯನ್ ಪಂಚಾಂಗದಲ್ಲಾದರೋ 400ರಿಂದ ಭಾಗವಾಗದ ಶತಮಾನದ ವರ್ಷಕ್ಕೆ ಅಧಿಕ ದಿನವಿಲ್ಲ. 1900ರಲ್ಲಿ ನಮಗೆ ಫೆಬ್ರುವರಿ 29 ಇರಲಿಲ್ಲ. ಅಂದಿನಿಂದ ಯೆಕಾತಿತ್ 23 ಮಾರ್ಚ್ 2ಕ್ಕೆ ಜಾರಿದೆ. ಮಕ್ಕಳು ಕಾಗದ ಪೆನ್ಸಿಲು ಹಿಡಿದು ಇದನ್ನು ಲೆಕ್ಕ ಹಾಕಿ ನೋಡಬಹುದು. ಮುಂದೆ ಯಾವ ವರ್ಷ ಅದು ಮಾರ್ಚ್ 3ಕ್ಕೆ ಜಾರುತ್ತದೆ ಎಂಬುದನ್ನೂ ಕಂಡುಹಿಡಿಯಬಹುದು.

2024ರ ಫೆಬ್ರುವರಿಯಲ್ಲಿ ಅಡಿಸ್ ಅಬಾಬಾ ನಗರದ ನಡುವೆ ಅದ್ವಾ ವಿಜಯದ ದೊಡ್ಡ ಸ್ಮಾರಕ, ವಸ್ತುಸಂಗ್ರಹಾಲಯ ತೆರೆಯಿತು. ಆದರೆ ಅದ್ವಾ ಊರಿನ ಪಾಲಿಗೆ ಈಚಿನ ವರ್ಷಗಳು ಸುಖದವಾಗಿರಲಿಲ್ಲ. 2020ರ ನವೆಂಬರ್‌ನಲ್ಲಿ ತಿಗ್ರಾಯ್ ಪ್ರಾಂತದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, 2022ರ ನವೆಂಬರ್‌ನಲ್ಲಿ ಶಾಂತಿ ಒಪ್ಪಂದವಾಗುವವರೆಗೂ ಅದ್ವಾದ ಜನ ಹಸಿವು, ಹಿಂಸೆಗಳಲ್ಲಿ ಬೆಂದರು. ಇಡೀ ಆಫ್ರಿಕಾಕ್ಕೆ ಸ್ವಾಭಿಮಾನದ ಪಾಠ ಕಲಿಸಿದ ಊರಿನಲ್ಲಿ ಮಕ್ಕಳಿಗೆ ಶಾಲೆಯ ಪಾಠವೇ ನಿಂತುಹೋಗಿತ್ತು.

ಹೆಸರಿಡುವ ಮುನ್ನ

ಊರಿಗೂ ಹೆಸರಿಗೂ ಇರುವ ನಂಟು ನಮಗೆ ಹೊಸದಲ್ಲ. ಕನ್ನಡಿಗರು ತಮ್ಮ ಹೆಸರಿನ ಮುಂದಿನ ಒಂದು ಅಕ್ಷರದಲ್ಲಿ ಊರನ್ನೇ ಹೊತ್ತು ತಿರುಗುತ್ತಾರೆ. ಕವಿ ಕೆ.ವಿ. ಪುಟ್ಟಪ್ಪನವರ 'ಕೆ' ಎಂದರೆ ಕುಪ್ಪಳಿ. ಹೆಣ್ಣುಮಕ್ಕಳಿಗೆ ಕಾವೇರಿ, ತುಂಗಾ, ಶರಾವತಿ ಎಂದು ನದಿಗಳ ಹೆಸರಿಡುವುದೂ ಉಂಟು. ಇವೆಲ್ಲ ಹುಟ್ಟಿದ ನೆಲದ, ಕುಡಿದ ನೀರಿನ ಋಣ. ಆದುವಾ ಅಂಥದಲ್ಲ. ಅದನ್ನು ಇಟ್ಟವರಲ್ಲಿ ಹೆಚ್ಚಿನವರು ಆ ಊರನ್ನು ಕಂಡಿರಲಿಲ್ಲ. ಅವರು ಇಟ್ಟದ್ದು ಊರಿನ ಹೆಸರನ್ನಲ್ಲ, ತಮ್ಮ ಸಿಟ್ಟಿನ, ಆಸೆಯ ಹೆಸರನ್ನು.

ಇಟಲಿಯ ಕಾನೂನು ಇಂದು ಮಗುವಿಗೆ ನಗೆಪಾಟಲಿನ, ನಾಚಿಕೆಗೇಡಿನ ಹೆಸರನ್ನು ಇಡಗೊಡುವುದಿಲ್ಲ. ಆದರೆ ದೊಡ್ಡವರ ಹಗೆಯನ್ನು ಚಿಕ್ಕವರ ಹೆಗಲಿಗೆ ಏರಿಸಬಾರದೆಂದು ಯಾವ ಕಾನೂನೂ ಹೇಳಲಾರದು. ಅದು ತಂದೆತಾಯಿಗಳ ವಿವೇಕಕ್ಕೆ ಬಿಟ್ಟದ್ದು. ಆದುವಾ ಎಂಬ ಹೆಸರಿನ ಹೆಣ್ಣುಮಕ್ಕಳು ಮಾತ್ರ ಆ ಹೊರೆಯನ್ನು ಸದ್ದಿಲ್ಲದೆ ಕೆಳಗಿಳಿಸಿದರು. ಯುದ್ಧದ ಹೆಸರು ಹೊತ್ತು ಬಂದು, ಅದನ್ನು ಬರಿಯ ಮನುಷ್ಯರ ಹೆಸರನ್ನಾಗಿ ಮಾಡಿ ಹೋದರು.